‘ಶೆಟ್ಟಿ’ ಎಂಬ ಹೆಸರು

ಹಾಜರಿ ಕರೆಯುವಾಗ ‘ಶೆಟ್ಟಿ’ ಎಂದೊಡನೆ ಮೂರು ನಾಲ್ಕು ಕಂಠಗಳು ಓಗೊಡುವುವು. “ಶೆಟ್ಟಿಯೆಂದರೆ ಹೋಟೆಲಿನವನು” ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುವರು. ವಿದ್ಯಾರ್ಥಿಗಳೇ, ಆ ನಗೆಗೆ ಹೆಸರಿನ ಚರಿತ್ರೆಯೇ ಉತ್ತರ.

ಸಂಸ್ಕೃತದ ‘ಶ್ರೇಷ್ಠಿ’ ಎಂಬುದು ವರ್ತಕರ ಮುಖ್ಯಸ್ಥನಿಗೆ ಸಲ್ಲುತ್ತಿದ್ದ ಗೌರವದ ಹೆಸರು. ಅದು ಪ್ರಾಕೃತದಲ್ಲಿ ‘ಸೆಟ್ಠಿ’ಯಾಗಿ, ಕನ್ನಡ ಶಾಸನಗಳಲ್ಲಿ ‘ಸೆಟ್ಟಿ’ಯಾಗಿ, ತಮಿಳಿನಲ್ಲಿ ‘ಚೆಟ್ಟಿ’ಯಾಗಿ ರೂಪಾಂತರ ಹೊಂದಿತು. ಈ ನಗರದ ಗುಜರಾತಿ ‘ಶೇಠ’ನೂ ಇದೇ ಮೂಲದವನು. ಘಟ್ಟದ ಮೇಲೆ ವ್ಯಾಪಾರಿಗಳೂ, ತುಳುನಾಡಿನಲ್ಲಿ ಬೇಸಾಯ ನಡೆಸಿದ ಬಂಟರೂ ಈ ಹೆಸರನ್ನು ಧರಿಸಿದರು.

ಮದರಾಸಿನಿಂದ ಹಡಗೇರಿ 1860ರಲ್ಲಿ ದಕ್ಷಿಣ ಆಫ್ರಿಕದ ನೆಟಾಲಿಗೆ ಕೂಲಿಗಳು ಹೋಗತೊಡಗಿದರು. ‘ಚೆಟ್ಟಿ’ ಎಂಬ ಹೆಸರು ಇಂದಿಗೂ ಅಲ್ಲಿನ ಭಾರತೀಯ ಮನೆತನಗಳಲ್ಲಿ ಉಳಿದಿದೆ. ಇತ್ತ ತುಳುನಾಡಿನ ಹುಡುಗರು ಮುಂಬಯಿಗೆ ಬಂದರು. ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. 1927ರಲ್ಲಿ ಇಲ್ಲಿ ಬಂಟರ ಸಂಘವು ಹುಟ್ಟಿತು. ಮುಂದೆ ಅವರ ಮಕ್ಕಳು ವೈದ್ಯರೂ ವಕೀಲರೂ ಆಗಿ, ಕೊಲ್ಲಿಯ ದೇಶಗಳಿಗೂ ಅಮೆರಿಕಕ್ಕೂ ಈ ಹೆಸರನ್ನು ಒಯ್ದರು.

ಒಂದೇ ಹೆಸರನ್ನು ಸಾಹುಕಾರನೂ ಹೊತ್ತ, ಕೂಲಿಯೂ ಹೊತ್ತ. ಹೆಸರು ಕೇಳಿ ಕಸುಬನ್ನು ಊಹಿಸಬೇಡಿರಿ. ಲೋಟ ತೊಳೆದ ಕೈಗಳನ್ನು ಕಂಡು ನಗಲೂಬೇಡಿರಿ. ಆ ಕೈಗಳ ದುಡಿಮೆಯಿಂದಲೇ ನಿಮ್ಮಲ್ಲಿ ಅನೇಕರು ಇಂದು ಈ ಬೆಂಚಿನ ಮೇಲೆ ಕುಳಿತಿರುವಿರಿ.