ಯಾವ ಆಟ ಉಳಿಯಬೇಕು?

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಭೌತವಿಜ್ಞಾನ ವಿಭಾಗದ ಕಂಪ್ಯೂಟರಿಗೆ ಒಂದು ಸಂಕಟ ಒದಗಿತು. ಅದರ ಡಿಸ್ಕು ತುಂಬಿಹೋಗಿ, ಪ್ರಯೋಗಗಳ ಅಳತೆಗಳನ್ನು ಬರೆದಿಡಲು ಎಡೆಯೇ ಇಲ್ಲದಂತಾಯಿತು. ಹುಡುಕಿ ನೋಡಿದಾಗ, ಸ್ಥಳವನ್ನೆಲ್ಲ ಆಕ್ರಮಿಸಿಕೊಂಡಿದ್ದುವು ವಿಡಿಯೊ ಆಟಗಳೆಂಬುದು ಬಯಲಾಯಿತು. ಎಲ್ಲವನ್ನೂ ಒಮ್ಮೆಗೇ ಅಳಿಸಿಬಿಡಬೇಕೆಂದು ವಿಭಾಗದ ಹಿರಿಯರು ಅಪ್ಪಣೆ ಕೊಟ್ಟರು. ಆದರೆ ಅವನ್ನು ಅಲ್ಲಿ ತುಂಬಿಟ್ಟಿದ್ದ ದ್ವಿತೀಯ ಬಿ.ಎಸ್‌ಸಿ.ಯ ಮೂವರು ವಿದ್ಯಾರ್ಥಿಗಳು, "ಸಾರ್, ಆಡಿ ನೋಡದೆ ಅಳಿಸುವುದು ನ್ಯಾಯವಲ್ಲ" ಎಂದು ವಾದ ಹೂಡಿದರು. ಪರೀಕ್ಷಿಸದೆ ತೀರ್ಪು ಕೊಡಬಾರದೆಂದು ವರ್ಷವಿಡೀ ಅವರಿಗೆ ಬೋಧಿಸಿದವರು ನಾವೇ ಆದುದರಿಂದ, ಒಪ್ಪದೆ ಗತ್ಯಂತರವಿರಲಿಲ್ಲ.

ಹಿರಿಯರ ಕೋಪಕ್ಕೆ ನಮ್ಮ ಬಳಿ ಒಂದು ಸಮಾಧಾನವೂ ಇತ್ತು. ವಿಡಿಯೊ ಆಟಗಳಲ್ಲೆಲ್ಲ ಬಹು ಹಿಂದಿನದಾದ ಒಂದು ಹುಟ್ಟಿದ್ದು ಭೌತವಿಜ್ಞಾನಿಯ ಕೈಯಲ್ಲಿಯೇ. ೧೯೫೮ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಬರುವ ಸಂದರ್ಶಕರ ವಿನೋದಕ್ಕಾಗಿ ವಿಲಿಯಂ ಹಿಗಿನ್‌ಬಾಥಮ್ ಎಂಬಾತನು ಆಸಿಲೊಸ್ಕೋಪಿನ ಪರದೆಯ ಮೇಲೆ ಟೆನ್ನಿಸ್ ಆಟವನ್ನು ಏರ್ಪಡಿಸಿದನು. ಮರುವರ್ಷ, ಚಂದ್ರನ ಮತ್ತು ಗುರುಗ್ರಹದ ಗುರುತ್ವದಲ್ಲಿ ಚೆಂಡು ಹೇಗೆ ಪುಟಿಯುವುದೆಂಬುದನ್ನೂ ಅದರಲ್ಲಿ ತೋರಿಸಿದನು. ಅನಂತರ ಉಪಕರಣವನ್ನು ಬಿಚ್ಚಿ ಬಿಡಿಭಾಗಗಳನ್ನು ಬೇರೆ ಕೆಲಸಗಳಿಗೆ ತೆಗೆದುಕೊಂಡರು. ಅದನ್ನು ಉಳಿಸಿಕೊಳ್ಳಬೇಕೆಂದು ಯಾರಿಗೂ ತೋರಲಿಲ್ಲ!

ಒಂದು ಆಟ ಸ್ವಾರಸ್ಯವಾಗಿದೆಯೆ ಎಂದು ಕೇಳಿದರೆ ನಾಲ್ವರಿಂದ ನಾಲ್ಕು ಉತ್ತರಗಳು ಬರುತ್ತವೆ. ಆದಕಾರಣ ನಾವು ಬೇರೊಂದು ಪ್ರಶ್ನೆಯನ್ನು ಕೇಳಿದೆವು: ಈ ಆಟದ ಲೋಕದಲ್ಲಿ ವಸ್ತುಗಳ ಚಲನೆಗೆ ಒಂದು ನಿಯಮವುಂಟೆ? ಉಂಟಾದರೆ, ಅಳತೆಯಿಂದ ಅದನ್ನು ಕಂಡುಹಿಡಿಯಬಹುದೆ? ಪರದೆಯ ಮೇಲೆ ಸೆಕೆಂಡಿಗೆ ೬೦ ಚಿತ್ರಗಳು ಮೂಡಿ ಮರೆಯಾಗುತ್ತವೆ. ಅವನ್ನು ದಾಖಲಿಸಿಕೊಂಡು, ಒಂದೊಂದನ್ನೇ ನಿಲ್ಲಿಸಿ, ಸ್ಕೇಲು ಹಿಡಿದು ಅಳೆದರಾಯಿತು. ಗೆಲಿಲಿಯೊಗೆ ಇಷ್ಟು ಸೌಕರ್ಯ ಎಲ್ಲಿತ್ತು?

ಮೊದಲು ಎತ್ತಿಕೊಂಡದ್ದು ೨೦೦೯ರಲ್ಲಿ ಫಿನ್ಲೆಂಡಿನಿಂದ ಬಂದ ಆಂಗ್ರಿ ಬರ್ಡ್ಸ್. ಕವಣೆಯಿಂದ ಚಿಮ್ಮಿದ ಹಕ್ಕಿ ಅಡ್ಡ ದಿಕ್ಕಿನಲ್ಲಿ ಸಮಕಾಲಗಳಲ್ಲಿ ಸಮದೂರ ಸಾಗುತ್ತದೆ. ಲಂಬ ದಿಕ್ಕಿನಲ್ಲಿ ಅದರ ವೇಗ ಒಂದೇ ಪ್ರಮಾಣದಲ್ಲಿ ಬದಲಾಗುತ್ತದೆ. ಎಂದರೆ ಪಥವು ಅಪ್ಪಟ ಪರವಲಯ. ಆದರೆ ಆ ವೇಗೋತ್ಕರ್ಷವು ಭೂಮಿಯದೇ ಎಂದು ಹಿಡಿದು ಲೆಕ್ಕ ಹಾಕಿದರೆ ಕವಣೆಯ ಎತ್ತರ ಸುಮಾರು ೫ ಮೀಟರು ಎಂದಾಗುತ್ತದೆ! ಗಾಳಿಯ ತಡೆಯಂತೂ ಇಲ್ಲವೇ ಇಲ್ಲ. ಇರಲಿ, ನಿಯಮವಿದೆ, ಆಟ ಉಳಿಯಿತು.

೧೯೮೫ರ ಸೂಪರ್ ಮಾರಿಯೊ ಬ್ರದರ್ಸ್ ನಮ್ಮನ್ನು ಹೆಚ್ಚು ಹೊತ್ತು ಕಾಡಿತು. ಮಾರಿಯೊ ನೆಗೆದು ಏರುವಾಗ ಗುಂಡಿಯನ್ನು ಒತ್ತಿಹಿಡಿದಿದ್ದರೆ ಅವನ ಮೇಲೆ ಗುರುತ್ವ ಕಡಿಮೆ. ಬಿಟ್ಟೊಡನೆ ಅದು ಹೆಚ್ಚುತ್ತದೆ. ನಡುಗಾಳಿಯಲ್ಲಿ, ಯಾವ ಆಸರೆಯೂ ಇಲ್ಲದೆ, ಅವನು ಬಂದ ದಿಕ್ಕಿಗೇ ತಿರುಗಬಲ್ಲನು. ಸಂವೇಗದ ನಿತ್ಯತೆಗೆ ಇದಕ್ಕಿಂತ ದೊಡ್ಡ ಅಪಚಾರ ಉಂಟೆ? ಅಳಿಸಬೇಕೆಂದೇ ನಾವು ಹೊರಟೆವು. ಆಗ ವಿದ್ಯಾರ್ಥಿಯೊಬ್ಬನು ತನ್ನ ಅಳತೆಯ ಪಟ್ಟಿಯನ್ನು ಮುಂದಿಟ್ಟನು. ಹತ್ತು ಸಾರಿ ಒಂದೇ ರೀತಿಯಲ್ಲಿ ನೆಗೆಸಿದರೆ ಹತ್ತು ಸಾರಿಯೂ ಒಂದೇ ಎತ್ತರ. ನಿಯಮ ನ್ಯೂಟನ್ನನದಲ್ಲ, ನಿಜ. ಆದರೆ ಅದು ಕದಲದ ನಿಯಮ. ಆಡುವವನು ಅದನ್ನು ಪ್ರಯೋಗದಿಂದಲೇ ಕಲಿತು, ಮುಂದಿನ ನೆಗೆತವನ್ನು ಮೊದಲೇ ಊಹಿಸುತ್ತಾನೆ. ಈ ವಾದಕ್ಕೆ ನಾವು ಸೋತೆವು.

ಇನ್ನೊಂದು ಆಟದಲ್ಲಿ ಗುಂಡುಗಳು ಗೋಡೆಯನ್ನು ತೂರಿಹೋಗುತ್ತಿದ್ದುವು. ಗೋಡೆಗೆ ತೂತು ಬೀಳದು, ಗುಂಡು ಮಾತ್ರ ಆಚೆ! ಕಾರಣ ಸ್ವಾರಸ್ಯವಾದುದು. ನಿಸರ್ಗದಲ್ಲಿ ಕಾಲವು ಹೊಳೆಯಂತೆ ಹರಿಯುತ್ತದೆ. ಕಂಪ್ಯೂಟರಿನಲ್ಲಿ ಅದು ಹೆಜ್ಜೆ ಹೆಜ್ಜೆಯಾಗಿ ಸಾಗುತ್ತದೆ. ಸೆಕೆಂಡಿಗೆ ೩೦೦ ಮೀಟರು ವೇಗದ ಗುಂಡು ಸೆಕೆಂಡಿನ ಅರುವತ್ತನೆಯ ಒಂದು ಭಾಗದಲ್ಲಿ ೫ ಮೀಟರು ಮುಂದೆ ಹೋಗಿರುತ್ತದೆ. ಒಂದು ಹೆಜ್ಜೆಯಲ್ಲಿ ಅದು ಗೋಡೆಯ ಈಚೆಗಿತ್ತು, ಮರುಹೆಜ್ಜೆಯಲ್ಲಿ ಆಚೆಗಿದೆ. ೨೦ ಸೆಂಟಿಮೀಟರು ದಪ್ಪದ ಗೋಡೆಯೊಂದು ನಡುವೆ ಇತ್ತೆಂಬುದು ಯಂತ್ರದ ಗಮನಕ್ಕೇ ಬರಲಿಲ್ಲ. ಜಾಣನಾದ ಕ್ರಮವಿಧಿಕಾರನು ಎರಡು ಸ್ಥಾನಗಳ ನಡುವಿನ ಗೆರೆ ಗೋಡೆಯನ್ನು ಕತ್ತರಿಸುವುದೇ ಎಂದೂ ನೋಡುತ್ತಾನೆ.

ಇದೇ ಹೆಜ್ಜೆಗಳಿಂದ ಇನ್ನೂ ಗೂಢವಾದ ತಪ್ಪೊಂದು ಹುಟ್ಟುತ್ತದೆ. ಸ್ಪ್ರಿಂಗಿಗೆ ಕಟ್ಟಿದ ಗುಂಡೊಂದು ಓಲಾಡುತ್ತಿದೆ ಎನ್ನೋಣ. ಹೆಜ್ಜೆಯ ಆರಂಭದಲ್ಲಿದ್ದ ವೇಗವೇ ಹೆಜ್ಜೆಯ ಕೊನೆಯವರೆಗೂ ಇರುವುದೆಂದು ಯಂತ್ರ ಭಾವಿಸಿದರೆ, ಗುಂಡು ಪ್ರತಿ ಸಲವೂ ತುಸು ಹೆಚ್ಚು ದೂರ ಹೋಗುತ್ತದೆ. ಓಲಾಟ ಬೆಳೆಯುತ್ತದೆ, ಶಕ್ತಿ ಶೂನ್ಯದಿಂದ ಉಕ್ಕಿಬರುತ್ತದೆ. ಚಿಕಿತ್ಸೆ ಬಹಳ ಅಗ್ಗದ್ದು. ಮೊದಲು ವೇಗವನ್ನು ತಿದ್ದಿ, ತಿದ್ದಿದ ವೇಗದಿಂದಲೇ ಹೊಸ ಸ್ಥಾನವನ್ನು ಲೆಕ್ಕಿಸಿದರೆ ಸಾಕು. ಹೆಜ್ಜೆ ಸಣ್ಣದಾಗಿರುವ ತನಕ ಶಕ್ತಿ ಹೆಚ್ಚುಕಡಿಮೆ ನಿಂತಲ್ಲಿಯೇ ನಿಲ್ಲುತ್ತದೆ. ಎರಡು ಸಾಲುಗಳ ಹಿಂದುಮುಂದಿನಲ್ಲಿ ಶಕ್ತಿನಿತ್ಯತೆಯ ನಿಯಮವೇ ಅಡಗಿರುವುದನ್ನು ಕಂಡು ವಿದ್ಯಾರ್ಥಿಗಳು ಬೆರಗಾದರು. ಗುಂಡಿನ ಆಟವನ್ನು ಅಳಿಸಿದೆವು.

ಅತ್ಯಂತ ಸುಂದರವಾದ ಆಟ ಕಾರಿನ ಓಟದ್ದು. ಮಳೆಯಲ್ಲಿ ನೆನೆದ ರಸ್ತೆ, ಗಾಜಿನ ಮೇಲೆ ಹನಿಗಳು, ಎಲ್ಲವೂ ಕಣ್ಣಿಗೆ ಕಟ್ಟಿದಂತೆ. (ಪರೀಕ್ಷೆಯ ನೆಪದಲ್ಲಿ ನಾವು ಎರಡು ಗಂಟೆ ಅದರ ಮುಂದೆ ಕುಳಿತೆವೆಂಬುದನ್ನು ಮುಚ್ಚಿಡಲಾರೆವು.) ಆದರೆ ಎದುರಾಳಿಗಳ ಕಾಲವನ್ನು ಗುರುತುಹಾಕಿದಾಗ ಅನುಮಾನ ಬಂದಿತು. ನಾವು ಮುಂದೆ ಹೋದರೆ ಹಿಂದಿನ ಕಾರು ಎಲ್ಲಿಂದಲೋ ಬಲ ಪಡೆದು ಬೆನ್ನಿಗೆ ಬರುತ್ತದೆ; ನಾವು ಬೇಕೆಂದೇ ನಿಧಾನಿಸಿದರೆ ಅದೂ ನಿಧಾನಿಸುತ್ತದೆ. ಅದೇ ಕಾರು, ಅದೇ ರಸ್ತೆ. ವೇಗ ಮಾತ್ರ ನಮ್ಮನ್ನು ನೋಡಿಕೊಂಡು! ಪೈಪೋಟಿ ಬಿಗಿಯಾಗಿರಲೆಂದು ಅನೇಕ ಆಟಗಳಲ್ಲಿ ಹೀಗೆ ಮಾಡುವ ರೂಢಿಯಿದೆ. ನಮ್ಮ ಕೌಶಲವೆಷ್ಟು, ಯಂತ್ರದ ಕೃಪೆಯೆಷ್ಟು ಎಂಬುದನ್ನು ಬೇರ್ಪಡಿಸುವ ಉಪಾಯ ಉಳಿಯುವುದಿಲ್ಲ. ವಿದ್ಯಾರ್ಥಿಗಳ ಮುಖ ಬಾಡಿದರೂ ಅದನ್ನು ಅಳಿಸಿದೆವು.

ಕೊನೆಯದು ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಮೆಕ್ಸಿಕೊದಲ್ಲಿ ತಯಾರಾಗಿ ೨೦೧೫ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಈ ಆಟದಲ್ಲಿ ನಾವೇ ರಾಕೆಟ್ಟನ್ನು ಕಟ್ಟಿ ಹಾರಿಸಬೇಕು. ಅದರ ಗ್ರಹದ ತ್ರಿಜ್ಯ ೬೦೦ ಕಿಲೊಮೀಟರು ಮಾತ್ರ. ಆದರೂ ಮೇಲ್ಮೈಯಲ್ಲಿ ಗುರುತ್ವ ಭೂಮಿಯಷ್ಟೇ. ಹಾಗಿದ್ದರೆ ಸಾಂದ್ರತೆಯೆಷ್ಟು? ವಿದ್ಯಾರ್ಥಿಗಳು ಲೆಕ್ಕ ಹಾಕಿದರು: ನೀರಿನ ಸುಮಾರು ೫೮ ಪಟ್ಟು! ನಾವು ಬಲ್ಲ ಅತಿ ಸಾಂದ್ರ ಲೋಹವಾದ ಆಸ್ಮಿಯಂ ೨೩ ಪಟ್ಟನ್ನೂ ಮುಟ್ಟುವುದಿಲ್ಲ. ಇದನ್ನು ಕ್ಷಮಿಸಬಹುದು. ನೆಲಕ್ಕೆ ತಾಗಿದಂತೆ ಸುತ್ತುವ ಕಕ್ಷೆಗೆ ಭೂಮಿಯಲ್ಲಿ ಸೆಕೆಂಡಿಗೆ ೭.೯ ಕಿಲೊಮೀಟರು ವೇಗ ಬೇಕು, ಅಲ್ಲಿ ೨.೪ ಕಿಲೊಮೀಟರು ಸಾಕು. ಕಲಿಯುವವನಿಗೆ ಅದು ಅನುಕೂಲವೇ.

ಜಗಳ ಬಂದದ್ದು ಬೇರೆ ಕಡೆ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ ನಿರ್ಮಿಸಿದ ಕರೋನ ದರ್ಶಕವನ್ನು ಹೊತ್ತ ಆದಿತ್ಯ-ಎಲ್೧ ನೌಕೆಯು ೨೦೨೪ರ ಜನವರಿ ೬ರಂದು ತನ್ನ ನೆಲೆಯನ್ನು ಸೇರಿತಷ್ಟೆ. ಭೂಮಿಯಿಂದ ಸೂರ್ಯನ ಕಡೆಗೆ ೧೫ ಲಕ್ಷ ಕಿಲೊಮೀಟರು ದೂರದ ಬಿಂದುವೊಂದನ್ನು ಸುತ್ತುವ ಕಕ್ಷೆ ಅದು. ವಿದ್ಯಾರ್ಥಿಗಳಲ್ಲೊಬ್ಬನು ಆಟದಲ್ಲಿಯೂ ತನ್ನ ನೌಕೆಯನ್ನು ಅಂಥ ಬಿಂದುವಿನಲ್ಲಿ ನಿಲ್ಲಿಸಲು ಮೂರು ದಿನ ಹೆಣಗಿದನು. ನಿಲ್ಲಲಿಲ್ಲ. ತಪ್ಪು ಅವನದಲ್ಲ. ಎರಡು ಕಾಯಗಳ ಸೆಳೆತ ಒಟ್ಟಿಗೆ ವರ್ತಿಸಿದರೆ ಮಾತ್ರ ಆ ಬಿಂದು ಉಂಟಾಗುತ್ತದೆ; ಈ ಆಟದಲ್ಲಾದರೋ ನೌಕೆಯನ್ನು ಒಂದು ಕಾಲಕ್ಕೆ ಒಂದೇ ಕಾಯ ಸೆಳೆಯುತ್ತದೆ. ಗಡಿ ದಾಟಿದೊಡನೆ ಹಳೆಯ ಒಡೆಯನು ಮಾಯ, ಹೊಸ ಒಡೆಯನು ಪ್ರತ್ಯಕ್ಷ.

"ಮಾರಿಯೊ ಉಳಿದ ಮೇಲೆ ಇದೂ ಉಳಿಯಲಿ" ಎಂದರು ಇಬ್ಬರು. ಹೆಣಗಿದವನು ಒಪ್ಪಲಿಲ್ಲ. ಮಾರಿಯೊ ತನ್ನನ್ನು ಭೌತವಿಜ್ಞಾನವೆಂದು ಕರೆದುಕೊಳ್ಳಲಿಲ್ಲ, ಇದು ಕರೆದುಕೊಳ್ಳುತ್ತದೆ ಎಂಬುದು ಅವನ ದೂರು. ಅದರಲ್ಲಿ ಹುರುಳಿತ್ತು. ಆದರೂ ನಾವು ಆಟವನ್ನು ಉಳಿಸಿ, ಅದಕ್ಕೆ ಏನು ತಿಳಿಯದೆಂಬ ಚೀಟಿಯೊಂದನ್ನು ಕಂಪ್ಯೂಟರಿನ ಮೇಲೆ ಅಂಟಿಸಿದೆವು.

ಹುಡುಗನಿಗೆ ಚೀಟಿ ಸಾಲಲಿಲ್ಲ. ಸೂರ್ಯ, ಭೂಮಿ, ನೌಕೆ ಮೂರನ್ನೂ ಒಟ್ಟಿಗೆ ಲೆಕ್ಕಿಸುವ ಕ್ರಮವಿಧಿಯನ್ನು ತಾನೇ ಬರೆಯತೊಡಗಿದ್ದಾನೆ. ಮೊದಲ ದಿನ ಅವನ ಭೂಮಿಯು ವರ್ಷ ಮುಗಿಸಿ ಹೊರಟ ಸ್ಥಳಕ್ಕೆ ಮರಳದೆ, ಸುರುಳಿಯಾಗಿ ಸೂರ್ಯನಿಂದ ದೂರ ಸರಿಯಿತು. ಕಾಲದ ಹೆಜ್ಜೆಯನ್ನು ಒಂದು ದಿನವೆಂದು ಇಟ್ಟಿದ್ದನು. ವೇಗಕ್ಕಿಂತ ಮೊದಲು ಸ್ಥಾನವನ್ನು ತಿದ್ದಿದ್ದನು.