ತಿರುಪಿನ ತಲೆಗೆ ಬಂದ ನೀಲಿ

ಕೈಯಿಂದಲೇ ಮಾಡಿದ ಮಡಚುವ ಚಾಕು ಎದುರಿಗೆ ಬಂದರೆ ಎಲ್ಲರೂ ಮೊದಲು ಅಲಗು ನೋಡುತ್ತಾರೆ. ಕಸುಬು ಬಲ್ಲವರ ಕಣ್ಣು ಮಾತ್ರ ಹಿಡಿಯ ಮೇಲಿನ ತಿರುಪುಗಳಲ್ಲಿ ನಿಲ್ಲುತ್ತದೆ. ಮೆಣಸಿನ ಕಾಳಿನಷ್ಟು ಅಗಲದ ಆ ತಲೆಗಳು ಕೆಲವೊಮ್ಮೆ ಕಡುನೀಲಿ, ಕೆಲವೊಮ್ಮೆ ಕಂಚಿನ ಬಣ್ಣ.

ಹಿಂದೆ ಮಡಚುವ ಚಾಕುವಿನಲ್ಲಿ ತಿರುಪಿನ ಮಾತೇ ಅಪರೂಪ. ಇಂಗ್ಲೆಂಡಿನ ಶೆಫೀಲ್ಡ್‌ನ ಕುಶಲಕರ್ಮಿಗಳು ಬಿಡಿಭಾಗಗಳಿಗೆ ಪಿನ್ ತೂರಿಸಿ, ಎರಡೂ ತುದಿಗಳನ್ನು ಸುತ್ತಿಗೆಯಿಂದ ತಟ್ಟಿ ಅರಳಿಸಿ, ಉಜ್ಜಿ ನುಣುಪು ಮಾಡುತ್ತಿದ್ದರು. ಪಿನ್ ಎಲ್ಲಿದೆಯೆಂದು ಹುಡುಕಬೇಕಿತ್ತು. ನೋಡಲು ಚೆಂದವೇ. ಆದರೆ ಒಳಗೆ ಕೊಳೆ ಸೇರಿದರೆ ಬಿಚ್ಚುವ ದಾರಿಯಿಲ್ಲ.

1980ರ ಆಸುಪಾಸಿನಲ್ಲಿ ಅಮೆರಿಕದ ಮೈಕೆಲ್ ವಾಕರ್ ಲೈನರ್ ಲಾಕ್‌ಗೆ ಇಂದಿನ ರೂಪ ಕೊಟ್ಟರು. ಹಿಡಿಯ ಒಳಗಿನ ತೆಳು ತಗಡೇ ಸ್ಪ್ರಿಂಗಿನಂತೆ ಬಾಗಿ ಅಲಗಿನ ಬುಡಕ್ಕೆ ಆತು ನಿಲ್ಲುವ ವ್ಯವಸ್ಥೆ ಅದು. ಕೂದಲೆಳೆಯಷ್ಟು ಆಚೀಚೆ ಆದರೂ ಹಿಡಿತ ತಪ್ಪುತ್ತದೆ. ಹಾಗಾಗಿ ಜೋಡಿಸು, ನೋಡು, ಬಿಚ್ಚು, ಅರದಿಂದ ಉಜ್ಜು, ಮತ್ತೆ ಜೋಡಿಸು. ಈ ಕೆಲಸಕ್ಕೆ ತಿರುಪೇ ಸರಿ. ಚಾಕುವಿಗೆ ಟೈಟಾನಿಯಂ ತಂದ ಮೊದಲಿಗರಲ್ಲೂ ವಾಕರ್ ಒಬ್ಬರು.

ಅನುಕೂಲದ ಜೊತೆ ಹೊಸ ಮುಜುಗರವೂ ಬಂತು. ಅಂಗಡಿಯಿಂದ ತಂದ ತಿರುಪಿನ ಉಬ್ಬುತಲೆ, ಅದರಲ್ಲಿ 1967ರಲ್ಲಿ ಕ್ಯಾಮ್‌ಕಾರ್ ಕಂಪನಿ ರೂಪಿಸಿದ ಟಾರ್ಕ್ಸ್ ನಕ್ಷತ್ರದ ಗುಳಿ. ವಾರಗಟ್ಟಲೆ ದುಡಿದ ಹಿಡಿಯ ಮೇಲೆ ಅದು ಯಂತ್ರದ ಸಾಮಾನಾಗಿಯೇ ಕಾಣುತ್ತಿತ್ತು.

ಪರಿಹಾರ ಹಳೆಯ ಕಸುಬುಗಳಲ್ಲಿ ಸಿದ್ಧವಾಗಿತ್ತು. ಬ್ರಿಟನ್ನಿನ ಉತ್ತಮ ಬೇಟೆ ಬಂದೂಕುಗಳಲ್ಲಿ ತಿರುಪಿನ ತಲೆಯ ಮೇಲೂ ಕೆತ್ತನೆಯಿರುತ್ತದೆ. ಬಿಗಿದ ಮೇಲೆ ಸೀಳುಗಳು ನಳಿಗೆಯ ದಿಕ್ಕಿಗೇ ನಿಲ್ಲಬೇಕು. ಗಡಿಯಾರದವರು ಉಕ್ಕಿನ ತಿರುಪನ್ನು ಕನ್ನಡಿಯಂತೆ ಹೊಳಪಿಸಿ, ಹಿತ್ತಾಳೆ ಪುಡಿಯ ತಟ್ಟೆಯಲ್ಲಿಟ್ಟು ಕಾಯಿಸುತ್ತಿದ್ದರು. ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, 280ರ ಸುಮಾರಿಗೆ ನೇರಳೆ, 300ರ ಹತ್ತಿರ ನೀಲಿ. ಕ್ಷಣ ತಡೆದರೆ ನೀಲಿ ಕಳೆದು ಬೂದು. ಕಾಯಿಸುವ ಮುನ್ನ ಬೆರಳು ತಾಗಿದ್ದರೆ ಆ ಜಿಡ್ಡು ಕಲೆಯಾಗಿ ಉಳಿಯುತ್ತದೆ. ಇಲ್ಲಿ ಬಳಿದದ್ದು ಏನೂ ಇಲ್ಲ: ಮೇಲ್ಮೈಯ ಆಕ್ಸೈಡ್ ಪದರ ದಪ್ಪವಾದಂತೆ ಬೆಳಕು ಅದರಲ್ಲಿ ಬೇರೆ ಬೇರೆ ಬಣ್ಣವಾಗಿ ಮರಳುತ್ತದೆ.

ಚಾಕು ಮಾಡುವವರು ಎರಡನ್ನೂ ಕಲಿತರು. ಸಾದಾ ತಿರುಪನ್ನು ಲೇತಿಗೆ ಕಚ್ಚಿಸಿ ಉಬ್ಬು ತೆಗೆದು ಸಪಾಟು ಮಾಡುವುದು, ಅಂಚಿಗೆ ಮುಮ್ಮೂಲೆ ಅರದಿಂದ ಸಣ್ಣ ಕಚ್ಚು ಹಾಕುವುದು, ಆಮೇಲೆ ಬೆಂಕಿ. ಸೀಳು ತಲೆಯನ್ನು ಸಾಲಿಗೆ ತರಲು ಕೆಲವೊಮ್ಮೆ ಕಾಲು ಸುತ್ತಿನ ವ್ಯತ್ಯಾಸ ಸರಿಪಡಿಸಬೇಕು. ಆರು ಮೂಲೆಯ ನಕ್ಷತ್ರಕ್ಕೆ ಹೆಚ್ಚೆಂದರೆ 30 ಡಿಗ್ರಿ. ಆದರೂ ಸೀಳನ್ನೇ ಕೊರೆಯುವ ಹಟದವರಿದ್ದಾರೆ, ಅವರ ಕೆಲಸದಲ್ಲಿ ಆ ಶ್ರಮ ಎದ್ದು ಕಾಣುತ್ತದೆ.

ಟೈಟಾನಿಯಂ ತಿರುಪಿಗೆ ಬೆಂಕಿಯ ಬದಲು ವಿದ್ಯುತ್ತೂ ಸಾಕು. ಲವಣ ಕರಗಿಸಿದ ನೀರಿನಲ್ಲಿ ಅದನ್ನು ಧನ ತುದಿಗೆ ಕಟ್ಟಿ ಅದ್ದಿದರೆ, 30 ವೋಲ್ಟ್ ಸುಮಾರಿಗೆ ನೀಲಿ, 60ರ ಬಳಿ ಹಳದಿ, ನೂರರ ಹತ್ತಿರ ಹಸಿರು. ಜೇಬಿನಲ್ಲಿ ಬೀಗದ ಕೈಗಳಿಗೆ ಉಜ್ಜಿ ಬಣ್ಣ ಸವೆದರೆ ತಿರುಪನ್ನು ಬಿಚ್ಚಿ, ಹಳೆಯ ಪದರ ತೆಗೆದು, ಅದೇ ವೋಲ್ಟೇಜಿನಲ್ಲಿ ಮತ್ತೆ ಅದ್ದುತ್ತಾರೆ.