ದ್ವೀಪವಾಸಕ್ಕೆ ತಾಣವಾವುದು?

ನಮ್ಮ ಪತ್ರಿಕೆಯ ಹಳೆಯ ವಾಚಕರೂ ಸರ್ಕಾರದ ಸೇವೆಯಿಂದ ಈಚೆಗೆ ವಿಶ್ರಾಂತಿ ಹೊಂದಿದವರೂ ಆದ ಮಹನೀಯರೊಬ್ಬರು ನಮಗೊಂದು ಕಾಗದ ಬರೆದಿರುವರು. ತಾವು ಪತ್ನೀಸಮೇತರಾಗಿ ಪುಷ್ಯಮಾಸದಿಂದ ಚೈತ್ರದವರೆಗೆ ಅಂಡಮಾನ್ ದ್ವೀಪಗಳಲ್ಲಿ ವಾಸಮಾಡಿಬರಲು ಸಂಕಲ್ಪಿಸಿರುವುದಾಗಿಯೂ, ಅಲ್ಲಿನ ಯಾವ ದ್ವೀಪದಲ್ಲಿ, ಯಾವ ಊರಿನಲ್ಲಿ ಬಿಡಾರ ಹೂಡಿದರೆ ಒಳ್ಳೆಯದೆಂಬುದನ್ನು ಪತ್ರಿಕಾಮುಖೇನ ತಿಳಿಸಿದರೆ ತಮ್ಮಂತಹ ಇತರರಿಗೂ ಉಪಕಾರವಾದೀತೆಂದೂ ಅವರು ಕೇಳಿರುವರು. ಕಾಗದದ ಕೊನೆಯಲ್ಲಿ, "ಕಿಟಕಿಯಿಂದ ಸಮುದ್ರ ಕಾಣುವಂತಿದ್ದರೆ ಸಾಕು, ಮಿಕ್ಕದ್ದು ಹೇಗೋ ಆಗುತ್ತದೆ" ಎಂದು ಒಂದು ಮಾತನ್ನು ಸೇರಿಸಿರುವರು. ಆ ಕೊನೆಯ ಮಾತೇ ಈ ಲೇಖನಕ್ಕೆ ಕಾರಣವಾಯಿತು.

ಎರಡು ದಿನ ತಂಗುವ ಯಾತ್ರಿಕನಿಗೂ ಮೂರು ತಿಂಗಳು ಒಕ್ಕಲಿರುವವನಿಗೂ ಬಹಳ ಅಂತರವುಂಟು. ಯಾತ್ರಿಕನು ನೋಟವನ್ನು ಬೇಡುತ್ತಾನೆ. ಒಕ್ಕಲಿರುವವನಿಗೆ ಬೇಕಾದದ್ದು ನೀರು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ದ್ವೀಪದಲ್ಲಿ ಬಿಡಾರಕ್ಕೆ ಸ್ಥಳವನ್ನು ಆರಿಸುವವರು ಮೊದಲು ನೀರನ್ನೂ, ಎರಡನೆಯದಾಗಿ ವೈದ್ಯನನ್ನೂ, ಮೂರನೆಯದಾಗಿ ದೋಣಿಯ ದಾರಿಯನ್ನೂ, ಕಟ್ಟಕಡೆಗೆ ಕಡಲಿನ ಚೆಲುವನ್ನೂ ವಿಚಾರಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಈ ಕ್ರಮವನ್ನು ತಲೆಕೆಳಗು ಮಾಡಿದವರು ಪಟ್ಟ ಪಾಡಿಗೆ ಅಂಡಮಾನಿನ ಚರಿತ್ರೆಯೇ ಸಾಕ್ಷಿಯಾಗಿದೆ.

೧೭೮೯ನೆಯ ಇಸವಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನೌಕಾಧಿಕಾರಿ ಆರ್ಚಿಬಾಲ್ಡ್ ಬ್ಲೇರನು ದಕ್ಷಿಣ ಅಂಡಮಾನಿನ ಒಂದು ಸುರಕ್ಷಿತವಾದ ರೇವಿನಲ್ಲಿ, ಚಾಥಮ್ ಎಂಬ ಪುಟ್ಟ ದ್ವೀಪದಲ್ಲಿ, ಮೊದಲನೆಯ ವಸಾಹತನ್ನು ಹೂಡಿದನು. ಅದು ಅಲ್ಲಿಯೇ ನೆಲೆಯೂರಬಹುದಾಗಿತ್ತು. ಆದರೆ ಯುದ್ಧನೌಕೆಗಳಿಗೆ ಇನ್ನೂ ಒಳ್ಳೆಯ ರೇವು ಬೇಕೆಂದು ೧೭೯೨ರಲ್ಲಿ ವಸಾಹತನ್ನೇ ಕಿತ್ತು ಉತ್ತರ ಅಂಡಮಾನಿನ ಮತ್ತೊಂದು ರೇವಿಗೆ ಸಾಗಿಸಿದರು. ನಕಾಶೆಯಲ್ಲಿ ಆ ರೇವು ಬಹಳ ಸೊಗಸಾಗಿ ಕಾಣುತ್ತಿದ್ದಿರಬೇಕು. ಅಲ್ಲಿಯ ಗಾಳಿ, ಅಲ್ಲಿಯ ಜೌಗು, ಅಲ್ಲಿಯ ಜ್ವರ, ಇವು ಯಾವ ನಕಾಶೆಯಲ್ಲಿಯೂ ಕಾಣುವುದಿಲ್ಲವಷ್ಟೆ! ರೋಗವೂ ಸಾವೂ ಮಿತಿಮೀರಿದುವು. ನಾಲ್ಕೇ ವರ್ಷಗಳಲ್ಲಿ, ೧೭೯೬ರಲ್ಲಿ, ಉಳಿದವರನ್ನು ಹಡಗು ಹತ್ತಿಸಿಕೊಂಡು ಎಲ್ಲವನ್ನೂ ಕಾಡಿಗೆ ಬಿಟ್ಟು ಹೊರಟುಹೋದರು. ರೇವಿನ ಅಂದಕ್ಕೆ ಮರುಳಾಗಿ ಮನುಷ್ಯನ ಆರೋಗ್ಯವನ್ನು ಮರೆತುದರ ಫಲವಿದು.

ಆಮೇಲೆ ಅರುವತ್ತು ವರ್ಷ ಆ ಕಡೆಗೆ ಯಾರೂ ವಾಸಕ್ಕೆಂದು ತಲೆಹಾಕಲಿಲ್ಲ. ೧೮೫೭ರ ಸಂಗ್ರಾಮವು ಅಡಗಿದ ತರುವಾಯ, ೧೮೫೮ರ ಮಾರ್ಚಿಯಲ್ಲಿ, ಡಾಕ್ಟರ್ ವಾಕರನು ಸುಮಾರು ೨೦೦ ಮಂದಿ ಬಂದಿಗಳೊಡನೆ ಬ್ಲೇರನ ಹಳೆಯ ರೇವಿಗೇ ಬಂದಿಳಿದನು. ಚಾಥಮಿನಲ್ಲಿ ನೀರು ಸಾಲದೆಂದು ಕಂಡುಬಂದುದರಿಂದ ರೇವಿನ ಬಾಯಲ್ಲಿರುವ ರಾಸ್ ದ್ವೀಪವನ್ನು ಆರಿಸಿಕೊಂಡನು. ಸಮುದ್ರದ ಗಾಳಿ ಬೀಸುವ ಆ ದ್ವೀಪದಲ್ಲಿ ಆಳುವವರಿಗೆ ಬಂಗಲೆ, ಚರ್ಚು, ರೊಟ್ಟಿಯ ಭಟ್ಟಿ, ನೃತ್ಯಶಾಲೆ ಎಲ್ಲವೂ ಎದ್ದುವು. ಎದುರುದಡದ ಕಾಡನ್ನು ಕಡಿದು ಜೌಗನ್ನು ತುಂಬುವ ಕೆಲಸ ಬಂದಿಗಳ ಪಾಲಿಗೆ ಬಂದಿತು. ಅದೇ ಆಕಾಶ, ಅದೇ ಕಡಲು. ಆದರೆ ಸ್ಥಳವನ್ನು ಆರಿಸುವ ಅಧಿಕಾರ ಯಾರ ಕೈಯಲ್ಲಿದ್ದಿತೋ ಅವರಿಗೆ ತಂಗಾಳಿ, ಉಳಿದವರಿಗೆ ಚಳಿಜ್ವರ.

೧೮೯೬ರಿಂದ ೧೯೦೬ರವರೆಗೆ ಕಟ್ಟಿದ ಸೆಲ್ಯುಲರ್ ಜೈಲು ಈ ನೀತಿಯ ಶಿಖರವೆನ್ನಬಹುದು. ನಡುವೆ ಒಂದು ಕಾವಲುಗೋಪುರ. ಅದರಿಂದ ಚಕ್ರದ ಅರಗಳಂತೆ ಚಾಚಿದ ಏಳು ಸಾಲುಗಳು. ಒಂದು ಸಾಲಿನ ಕೋಣೆಗಳ ಮುಖವು ಇನ್ನೊಂದು ಸಾಲಿನ ಬೆನ್ನಿಗೆ ತಿರುಗಿದುದರಿಂದ ಒಬ್ಬ ಬಂದಿಗೆ ಇನ್ನೊಬ್ಬನ ಮುಖ ಕಾಣುತ್ತಿರಲಿಲ್ಲ. ಕೋಣೆಗೊಂದು ಗಾಳಿಗಂಡಿಯಿದ್ದಿತು, ಅದು ಆಳೆತ್ತರಕ್ಕೂ ಮೇಲೆ ಇದ್ದಿತು. ಸುತ್ತಲೂ ಸಮುದ್ರ ಮೊರೆಯುತ್ತಿದ್ದರೂ ಒಳಗಿದ್ದವನಿಗೆ ಅದು ಕೇಳುವ ವಸ್ತುವಾಗಿತ್ತೇ ಹೊರತು ಕಾಣುವ ವಸ್ತುವಾಗಿರಲಿಲ್ಲ. ಕಿಟಕಿಯಿಂದ ಸಮುದ್ರ ಕಾಣಬೇಕೆಂದು ಬಯಸುವ ನಮ್ಮ ಮಿತ್ರರು ಆ ಊರಿನಲ್ಲಿ ಇಳಿದ ಮೊದಲನೆಯ ದಿನವೇ ಆ ಕೋಣೆಗಳನ್ನು ಒಮ್ಮೆ ನೋಡಿಬರಬೇಕೆಂದು ಬಿನ್ನವಿಸುತ್ತೇವೆ. ೧೯೭೯ರಿಂದ ಅದು ರಾಷ್ಟ್ರೀಯ ಸ್ಮಾರಕವಾಗಿದೆ. ಏಳರಲ್ಲಿ ಮೂರು ಸಾಲುಗಳು ಉಳಿದಿವೆ.

ರಾಸ್ ದ್ವೀಪದ ವೈಭವವೂ ಉಳಿಯಲಿಲ್ಲ. ೧೯೪೧ರ ಜೂನಿನ ಭೂಕಂಪವು ಅದನ್ನು ಜರ್ಝರಗೊಳಿಸಿತು. ಮರುವರ್ಷ ಜಪಾನಿನ ಸೈನ್ಯ ಬಂದಿತು. ೧೯೪೩ರ ಡಿಸೆಂಬರಿನಲ್ಲಿ ನೇತಾಜಿ ಸುಭಾಷಚಂದ್ರರು ಅಲ್ಲಿಗೆ ಹೋಗಿ ಧ್ವಜವನ್ನೇರಿಸಿದರು. ಈಗ ರಾಸ್ ದ್ವೀಪಕ್ಕೆ ಅವರದೇ ಹೆಸರು. ಅಲ್ಲಿನ ಬಂಗಲೆಗಳ ಗೋಡೆಗಳನ್ನು ಮರದ ಬೇರುಗಳು ಹಿಡಿದು ನಿಲ್ಲಿಸಿವೆ. ೨೦೧೮ರಲ್ಲಿ ಹ್ಯಾವ್‌ಲಾಕ್ ದ್ವೀಪವು ಸ್ವರಾಜ್ ದ್ವೀಪವೆಂದೂ ನೀಲ್ ದ್ವೀಪವು ಶಹೀದ್ ದ್ವೀಪವೆಂದೂ ಹೆಸರು ಪಡೆದುವು. ೨೦೨೪ರಲ್ಲಿ ಪೋರ್ಟ್ ಬ್ಲೇರ್ ನಗರವು ಶ್ರೀವಿಜಯಪುರಂ ಆಯಿತು.

ಇಷ್ಟು ಪೂರ್ವಕಥೆಯನ್ನು ಹೇಳಿದುದಕ್ಕೆ ಕಾರಣವಿದೆ. ಅಂದು ಕೆಡಿಸಿದ ಸಂಗತಿಗಳೇ ಇಂದೂ ಒಕ್ಕಲಿರುವವನನ್ನು ಪರೀಕ್ಷಿಸುವುವು. ಮೊದಲನೆಯದು ನೀರು. ಅಲ್ಲಿ ವರ್ಷಕ್ಕೆ ಸುಮಾರು ೩,೦೦೦ ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮ ಕರಾವಳಿಯ ಜನರಿಗೆ ಇದೇನೂ ಹೊಸತಲ್ಲ. ಆದರೆ ನಮ್ಮ ಕರಾವಳಿಗೆ ಬೆನ್ನಾಗಿ ಘಟ್ಟವಿದೆ, ಘಟ್ಟದಿಂದ ಇಳಿಯುವ ಹೊಳೆಗಳಿವೆ. ದ್ವೀಪವಾದರೋ ಕಿರಿದು, ಇಳಿಜಾರು ಕಡಿದು. ಬಿದ್ದ ಮಳೆ ಬಿದ್ದ ಹಾಗೆಯೇ ಕಡಲಿಗೆ ಓಡಿಹೋಗುತ್ತದೆ. ಮೇ ತಿಂಗಳ ನಡುವಿನಿಂದ ಡಿಸೆಂಬರಿನವರೆಗೆ ಎರಡು ಮಾರುತಗಳೂ ಸುರಿಯುವುವು; ಜನವರಿಯಿಂದ ಏಪ್ರಿಲಿನವರೆಗೆ ಒಣಕಾಲ. ನಗರಕ್ಕೆ ನೀರು ಕೊಡುವ ಧನಿಕಾರಿ ಕಟ್ಟೆಯು ಬೇಸಗೆಯಲ್ಲಿ ತಗ್ಗಿದಾಗ ಒಂದು ದಿನ ಬಿಟ್ಟು ಒಂದು ದಿನ ನಲ್ಲಿ ಬಿಡುವುದುಂಟು. ನಮ್ಮ ಮಿತ್ರರು ಆರಿಸಿಕೊಂಡಿರುವ ತಿಂಗಳುಗಳು ಕಡಲಿಗೆ ಶಾಂತವಾದುವು, ನೀರಿಗೆ ಬಡವಾದುವು. ಆದುದರಿಂದ ಫಾಲ್ಗುಣ ಮುಗಿಯುವುದರೊಳಗಾಗಿ ಹಿಂದಿರುಗುವುದು ಲೇಸು. ಮನೆಯ ಯಜಮಾನನನ್ನು ಬಾಡಿಗೆ ಎಷ್ಟೆಂದು ಕೇಳುವ ಮೊದಲು, ಬೇಸಗೆಯಲ್ಲಿ ನೀರು ವಾರಕ್ಕೆಷ್ಟು ದಿನ, ತೊಟ್ಟಿ ಎಷ್ಟು ದೊಡ್ಡದು, ಬಾವಿಯ ನೀರು ಉಪ್ಪಾಗುವುದೇ ಎಂಬ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು.

ಎರಡನೆಯದು ವೈದ್ಯ. ದೊಡ್ಡ ಆಸ್ಪತ್ರೆಯಿರುವುದು ಶ್ರೀವಿಜಯಪುರಂನಲ್ಲಿ ಮಾತ್ರ. ಹೊರಗಿನ ದ್ವೀಪಗಳಲ್ಲಿ ಸಣ್ಣ ಆಸ್ಪತ್ರೆಗಳೂ ಆರೋಗ್ಯಕೇಂದ್ರಗಳೂ ಇವೆ. ಅವುಗಳಿಗೆ ಮೀರಿದ ಕಾಯಿಲೆಯಾದರೆ ರೋಗಿಯನ್ನು ದೋಣಿಯಲ್ಲಿಯೋ ಹೆಲಿಕಾಪ್ಟರಿನಲ್ಲಿಯೋ ನಗರಕ್ಕೆ ತರಬೇಕು. ಅಲ್ಲಿಗೂ ಮೀರಿದರೆ ಸಾವಿರ ಕಿಲೋಮೀಟರಿಗೂ ಮಿಕ್ಕ ಸಮುದ್ರವನ್ನು ದಾಟಿ ಚೆನ್ನೈಗೋ ಕಲ್ಕತ್ತೆಗೋ ಒಯ್ಯಬೇಕು. ಎದೆಬೇನೆಯವರೂ ದಿನವಹಿ ಔಷಧ ಬೇಕಾದವರೂ ಇದನ್ನು ಮುಂಚೆಯೇ ಯೋಚಿಸಬೇಕಾದದ್ದು. ನಡುರಾತ್ರಿಯಲ್ಲಿ ಕಿಟಕಿಯ ಸಮುದ್ರ ಯಾವ ಸಹಾಯವನ್ನೂ ಮಾಡಲಾರದು.

ಮೂರನೆಯದು ದೋಣಿಯ ದಾರಿ. ೨೦೧೬ರ ಡಿಸೆಂಬರಿನಲ್ಲಿ ಚಂಡಮಾರುತದಿಂದ ದೋಣಿಗಳು ನಿಂತುಹೋಗಿ, ಇಂದಿನ ಸ್ವರಾಜ್ ಮತ್ತು ಶಹೀದ್ ದ್ವೀಪಗಳಲ್ಲಿ ಸಾವಿರಕ್ಕೂ ಮಿಕ್ಕ ಪ್ರವಾಸಿಗಳು ಸಿಕ್ಕಿಬಿದ್ದರು. ನೌಕಾದಳವೂ ಕರಾವಳಿ ಕಾವಲುಪಡೆಯೂ ಹೋಗಿ ಅವರನ್ನು ಕರೆತರಬೇಕಾಯಿತು. ಹಿಂದಿರುಗುವ ದಿನಕ್ಕೂ ವಿಮಾನದ ದಿನಕ್ಕೂ ನಡುವೆ ಎರಡು ಮೂರು ದಿನಗಳ ಬಿಡುವಿಲ್ಲದವನು ಹೊರದ್ವೀಪದಲ್ಲಿ ಬಿಡಾರ ಮಾಡಲಾಗದು.

ನೆಲದ ಎತ್ತರವನ್ನೂ ಮರೆಯಲಾಗದು. ಆ ದ್ವೀಪಗಳು ಭೂಕಂಪದ ಅತಿ ಕಠಿಣವಾದ ವಲಯದಲ್ಲಿವೆ. ೨೦೦೪ರ ಡಿಸೆಂಬರ್ ೨೬ರ ಸುನಾಮಿಯು ಬಂದು ಹೋದ ಅಲೆ ಮಾತ್ರವಾಗಿರಲಿಲ್ಲ. ಅದನ್ನೆಬ್ಬಿಸಿದ ಭೂಕಂಪವು ನೆಲವನ್ನೇ ಕದಲಿಸಿತು. ತೆಂಕಣ ತುದಿಯ ಇಂದಿರಾ ಪಾಯಿಂಟಿನಲ್ಲಿ ಭೂಮಿಯು ನಾಲ್ಕು ಮೀಟರಿಗೂ ಮಿಕ್ಕು ಕುಸಿದು, ದೀಪಸ್ತಂಭದ ಬುಡ ನೀರಿನಲ್ಲಿ ನಿಂತಿತು. ಉತ್ತರ ಅಂಡಮಾನಿನಲ್ಲಿ ನೆಲ ಮೇಲೆದ್ದು ಹವಳದ ದಂಡೆಗಳು ಒಣಗಿದುವು. ನಗರದ ಬಳಿಯ ಸಿಪ್ಪಿಘಾಟಿನಲ್ಲಿ ಗದ್ದೆಗಳಿಗೆ ಉಪ್ಪುನೀರು ನುಗ್ಗಿ ಅಲ್ಲಿಯೇ ನಿಂತಿತು. ಆದಕಾರಣ ಅಲೆಯ ಅಂಚಿನ ಕುಟೀರಕ್ಕಿಂತ ಊರೊಳಗಿನ ದಿಬ್ಬದ ಮೇಲಿನ ಸಾಧಾರಣ ಮನೆ ಮೇಲು. ಕಡಲಿಗೆ ಹತ್ತು ನಿಮಿಷ ನಡೆದುಹೋದರೆ ವಾಯುಸೇವನೆಯೂ ಆದಂತಾಯಿತು.

ಇನ್ನು ಸ್ಥಳಗಳ ಗುಣದೋಷಗಳು. ಶ್ರೀವಿಜಯಪುರಂ ನೋಟಕ್ಕೆ ನಮ್ಮ ಯಾವುದೋ ಜಿಲ್ಲಾಕೇಂದ್ರದಂತೆ ಗಜಿಬಿಜಿಯಾದ ಏರಿಳಿತದ ಊರು. ಆದರೆ ಆಸ್ಪತ್ರೆ, ಬ್ಯಾಂಕು, ಮಾರುಕಟ್ಟೆ, ವಿಮಾನ ಎಲ್ಲವೂ ಅಲ್ಲಿಯೇ ಇವೆ. ೨೦೨೦ರಲ್ಲಿ ಚೆನ್ನೈಯಿಂದ ಕಡಲಡಿಯ ತಂತಿ ಬಂದಮೇಲೆ ಇಂಟರ್ನೆಟ್ಟಿನ ಕೊರತೆಯೂ ಬಹುಮಟ್ಟಿಗೆ ನೀಗಿದೆ. ಸ್ವರಾಜ್ ದ್ವೀಪದ ರಾಧಾನಗರದ ಮರಳು ಜಗತ್ಪ್ರಸಿದ್ಧವಾದುದು. ಪೂರ್ವದ ಗೋವಿಂದನಗರ, ವಿಜಯನಗರಗಳ ಕಡೆ ಬಿಡಾರಗಳು ಹೆಚ್ಚು. ಆದರೆ ಅಲ್ಲಿ ಇಳಿತದ ಹೊತ್ತಿಗೆ ಸಮುದ್ರ ದೂರ ಸರಿದು ಬರಿಯ ಕಲ್ಲುಹವಳ ಉಳಿಯುತ್ತದೆ. ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯುಂಟು; ಅದರ ಕಡಿತದ ತುರಿ ವಾರಗಟ್ಟಲೆ ಆರದು. ಕಾಂಡ್ಲಾ ಕಾಡಿನ ಹಳ್ಳಗಳಲ್ಲಿ ಮೊಸಳೆಗಳಿವೆ. ೨೦೧೦ರಲ್ಲಿ ರಾಧಾನಗರದ ಸಮೀಪದಲ್ಲಿಯೇ ವಿದೇಶೀ ಮಹಿಳೆಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆಯ ಫಲಕವಿದ್ದಲ್ಲಿ ನೀರಿಗಿಳಿಯುವುದು ಧೈರ್ಯವಲ್ಲ, ಅವಿವೇಕ.

ಶಹೀದ್ ದ್ವೀಪವು ಇನ್ನೂ ಚಿಕ್ಕದು. ಸೈಕಲ್ಲಿನಲ್ಲಿ ಒಂದೇ ದಿನದಲ್ಲಿ ಸುತ್ತಬಹುದು. ಅಲ್ಲಿನ ರೈತರು ಬೆಳೆದ ತರಕಾರಿ ನಗರದ ಮಾರುಕಟ್ಟೆಗೆ ಹೋಗುತ್ತದೆ. ಶಾಂತಿಯನ್ನು ಬಯಸುವವರಿಗೂ ಸಸ್ಯಾಹಾರಿಗಳಿಗೂ ಅದು ಹಿತ. ಆದರೆ ಸಣ್ಣ ದ್ವೀಪದಲ್ಲಿ ಸಿಹಿನೀರೂ ಸ್ವಲ್ಪವೇ. ಉತ್ತರದ ರಂಗತ್, ಮಾಯಾಬಂದರ್, ಡಿಗ್ಲಿಪುರಗಳಲ್ಲಿ ಪ್ರವಾಸಿಗಳ ಸಂದಣಿ ಕಡಮೆ, ಪ್ರಕೃತಿಯ ಸಂಪತ್ತು ಅಪಾರ. ಆದರೆ ನಗರದಿಂದ ಡಿಗ್ಲಿಪುರಕ್ಕೆ ರಸ್ತೆಯಲ್ಲಿ ಹೋಗಲು ಹಗಲೆಲ್ಲ ಬೇಕು. ಗಟ್ಟಿ ದೇಹದವರು ಅಲ್ಲಿ ಇರಲಿ. ಅರುವತ್ತು ದಾಟಿದವರು ನೋಡಿಕೊಂಡು ಬರಲಿ.

ಆ ರಸ್ತೆಯ ಮಾತು ಬಂದುದರಿಂದ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಅದು ಜಾರವಾ ಜನರ ಕಾಡಿನ ನಡುವೆ ಹಾಯುತ್ತದೆ. ಅಲ್ಲಿ ವಾಹನಗಳು ಕಾವಲಿನೊಡನೆ ಗುಂಪಾಗಿ ಸಾಗಬೇಕು; ನಿಲ್ಲಿಸುವುದಕ್ಕಾಗಲಿ, ಛಾಯಾಚಿತ್ರ ತೆಗೆಯುವುದಕ್ಕಾಗಲಿ, ತಿಂಡಿ ಕೊಡುವುದಕ್ಕಾಗಲಿ ಅಪ್ಪಣೆಯಿಲ್ಲ. ಮೂಲನಿವಾಸಿಗಳ ರಕ್ಷಣೆಗಾಗಿ ೧೯೫೬ರಲ್ಲಿ ಮಾಡಿದ ಕಾನೂನು ಇಂದಿಗೂ ಜಾರಿಯಲ್ಲಿದೆ. ನಿಕೋಬಾರ್ ದ್ವೀಪಗಳಿಗೆ ನಮ್ಮವರೂ ಅನುಮತಿಯಿಲ್ಲದೆ ಹೋಗುವಂತಿಲ್ಲ. ಬಲಾತ್ಕಾರದಿಂದ ಬಂದು ನೆಲೆಸಿದವರ ಆಳ್ವಿಕೆಯನ್ನು ಅನುಭವಿಸಿದ ನಾವು, ನಮಗಿಂತ ಸಾವಿರಾರು ವರ್ಷ ಮೊದಲು ಅಲ್ಲಿದ್ದವರ ಬಾಗಿಲನ್ನು ಕುತೂಹಲದಿಂದ ತಟ್ಟುವುದು ತರವೇ? ಅತಿಥಿಗೂ ಧರ್ಮವುಂಟು. ಒಣಕಾಲದಲ್ಲಿ ಅತಿಥಿಯು ಎರಡು ಸಲ ಮೀಯುವ ನೀರು ಅಲ್ಲಿನ ಗೃಹಿಣಿಯ ಕೊಡದಿಂದಲೇ ಬಂದದ್ದು. ಅಲ್ಲಿ ಉರಿಯುವ ದೀಪವೂ ಬಹುಮಟ್ಟಿಗೆ ಹಡಗಿನಲ್ಲಿ ಬಂದ ಡೀಸೆಲ್ಲಿನಿಂದಲೇ ಉರಿಯುತ್ತದೆ.

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟು. ಮೊದಲ ಹದಿನೈದು ದಿನ ಶ್ರೀವಿಜಯಪುರಂನಲ್ಲಿ ಎತ್ತರದ ಬಡಾವಣೆಯೊಂದರಲ್ಲಿ ಇರುವುದು. ಅಲ್ಲಿಂದ ಸ್ವರಾಜ್, ಶಹೀದ್ ದ್ವೀಪಗಳಿಗೆ ಹೋಗಿ, ಎರಡೆರಡು ರಾತ್ರಿ ತಂಗಿ, ಮನೆ, ನೀರು, ಆಸ್ಪತ್ರೆ, ದೋಣಿ ಹತ್ತುವ ಧಕ್ಕೆ ಇವುಗಳನ್ನು ಕಣ್ಣಾರೆ ನೋಡುವುದು. ಮನಸ್ಸೂ ದೇಹವೂ ಒಪ್ಪಿದರೆ ಒಂದು ತಿಂಗಳು ಶಹೀದ್ ದ್ವೀಪದಲ್ಲಿ ಕಳೆಯುವುದು. ಇಲ್ಲವಾದರೆ ನಗರದಲ್ಲಿಯೇ ನಿಲ್ಲುವುದು. ನೋಡದೆ ಮೂರು ತಿಂಗಳ ಬಾಡಿಗೆಯನ್ನು ಮುಂಗಡ ಕೊಡಲೇಬಾರದು. ದೂರದ ಬೆಟ್ಟ ನುಣ್ಣಗೆ. ಚಿತ್ರಪಟದ ಕಡಲು ಅದಕ್ಕಿಂತಲೂ ನುಣ್ಣಗೆ.

ಕೊನೆಯದಾಗಿ ಒಂದು ಮಾತು. ದಕ್ಷಿಣ ಅಂಡಮಾನಿನಲ್ಲಿ ವಂಡೂರ್, ತಿರೂರ್, ಮಣ್ಣಾರ್‌ಘಾಟ್ ಎಂಬ ಹಳ್ಳಿಗಳಿವೆ. ಇವು ೧೯೨೧ರ ದಂಗೆಯ ತರುವಾಯ ಗಡೀಪಾರಾಗಿ ಬಂದ ಮಲಬಾರಿನ ಮಾಪಿಳ್ಳೆಯವರು ತಮ್ಮ ತವರಿನ ನೆನಪಿಗೆ ಇಟ್ಟ ಹೆಸರುಗಳು. ಶಹೀದ್ ದ್ವೀಪದಲ್ಲಿ ಸೀತಾಪುರ, ರಾಮನಗರ, ಭರತಪುರ, ಲಕ್ಷ್ಮಣಪುರಗಳಿವೆ. ದೇಶವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಪೂರ್ವಬಂಗಾಳದಿಂದ ಬಂದವರು ವನವಾಸದ ಆ ಕಥೆಯ ಹೆಸರುಗಳ ನಡುವೆಯೇ ಗದ್ದೆ ತೋಡಿ ಮನೆ ಕಟ್ಟಿಕೊಂಡರು. ಸ್ಥಳವನ್ನು ಆರಿಸುವ ಭಾಗ್ಯವಿಲ್ಲದವರು ಸಿಕ್ಕಿದ ನೆಲವನ್ನೇ ಊರು ಮಾಡಿಕೊಂಡರು. ನಮ್ಮ ಮಿತ್ರರಿಗೆ ಆರಿಸುವ ಭಾಗ್ಯವಿದೆ. ಆ ಜನರ ನಡುವೆ ಒಂದು ಮನೆಯನ್ನು ಆರಿಸಿ, ಅವರ ಬಾವಿಯ ಆಳವನ್ನು ಅರಿತು ನೀರು ಸೇದಿದರೆ ಅವರ ದ್ವೀಪವಾಸವು ಸಾರ್ಥಕವಾದೀತು. ಕಿಟಕಿಯಿಂದ ಸಮುದ್ರ ಕಾಣದಿದ್ದರೂ ಚಿಂತೆಯಿಲ್ಲ. ದ್ವೀಪದಲ್ಲಿ ಅದು ಎಲ್ಲಿಗೂ ಓಡಿಹೋಗುವುದಿಲ್ಲ.